127.1 ಯಾರ ಮನೆಯ ವಿಳಾಸ? ಬ್ರೌಸರ್ ಕೇಳುತ್ತಿರುವ ಹೊಸ ಅನುಮತಿಯ ಒಳಹೊರಗು

2025ರ ಅಕ್ಟೋಬರ್ ಕೊನೆಯಲ್ಲಿ ಬಂದ ಕ್ರೋಮ್ ಬ್ರೌಸರಿನ 142ನೇ ಆವೃತ್ತಿ ಬಳಕೆದಾರರ ಮುಂದೆ ಹೊಸದೊಂದು ಪ್ರಶ್ನೆಯನ್ನು ಇಡತೊಡಗಿತು. ಕೆಲವು ಜಾಲತಾಣಗಳನ್ನು ತೆರೆದೊಡನೆ ಪುಟದ ಮೇಲ್ಭಾಗದಲ್ಲಿ ಚಿಕ್ಕ ಚೌಕವೊಂದು ಮೂಡುತ್ತದೆ. ನಿಮ್ಮ ಸ್ಥಳೀಯ ಜಾಲದಲ್ಲಿರುವ ಯಾವುದೇ ಸಾಧನವನ್ನು ಹುಡುಕಿ ಅದರ ಜೊತೆ ಸಂಪರ್ಕ ಬೆಳೆಸಲು ಈ ತಾಣ ಬಯಸುತ್ತಿದೆ, ಬಿಡಬೇಕೋ ಬೇಡವೋ ಎಂಬುದು ಅದರ ಸಾರಾಂಶ. ಕ್ಯಾಮೆರಾ ಬಳಸಲೇ, ಮೈಕ್ ಬಳಸಲೇ ಎಂದು ಕೇಳಿದರೆ ಯಾರಿಗಾದರೂ ಅರ್ಥವಾಗುತ್ತದೆ. ಸ್ಥಳೀಯ ಜಾಲ ಎಂದರೆ ಏನು? ದೂರದಲ್ಲೆಲ್ಲೋ ಇರುವ ತಾಣಕ್ಕೆ ನನ್ನ ಮನೆಯ ಪ್ರಿಂಟರಿನ ಹಂಗೇಕೆ? ಒಪ್ಪಿದರೆ ಅಪಾಯವೇ, ಒಪ್ಪದಿದ್ದರೆ ಕೆಲಸ ಕೆಡುತ್ತದೆಯೇ?

ಸ್ಥಳೀಯ ಜಾಲ ಎಂದರೆ ನಿಮ್ಮ ಕಂಪ್ಯೂಟರ್ ಮತ್ತು ಅದರೊಂದಿಗೆ ಒಂದೇ ರೂಟರಿಗೆ ಜೋಡಿಸಿದ ಮನೆ, ಕಚೇರಿಯ ಸಾಧನಗಳು. ಬ್ರೌಸರಿನ ಈ ಪ್ರಶ್ನೆ ಇದ್ದಕ್ಕಿದ್ದಂತೆ ಹುಟ್ಟಿದ್ದಲ್ಲ. ಜಾಲದ ವಿಳಾಸವನ್ನು ಹೇಗೆ ಬರೆಯಬೇಕು, ಬರೆದ ಹೆಸರನ್ನು ಯಾರು ಹೇಗೆ ಓದಬೇಕು ಎಂಬ ನಾಲ್ಕು ದಶಕಗಳ ಹಳೆಯ ಗೊಂದಲ ಈಗ ನಮ್ಮ ಪರದೆಯವರೆಗೆ ಬಂದು ನಿಂತಿದೆ.

ಒಂದು ಬೆರಳಚ್ಚು, ಇಪ್ಪತ್ತೊಂದು ಬಾಗಿಲು

ಮೊದಲು ಹತ್ತಿರದ ಉದಾಹರಣೆಯೊಂದನ್ನೇ ನೋಡೋಣ. ಸಾಮಾನ್ಯ ಸೇವಾ ಕೇಂದ್ರದ ಮೇಜಿನ ಮೇಲೆ ಕಂಪ್ಯೂಟರ್ ಇದೆ, ಅದಕ್ಕೆ ಯುಎಸ್‌ಬಿ ತಂತಿಯಿಂದ ಜೋಡಿಸಿದ ಬೆರಳಚ್ಚು ಯಂತ್ರವಿದೆ. ಬ್ರೌಸರಿನಲ್ಲಿ ತೆರೆದಿರುವ ಪುಟ ಆ ಯಂತ್ರವನ್ನು ನೇರವಾಗಿ ಮುಟ್ಟುವುದಿಲ್ಲ. ಆಧಾರ್ ಪ್ರಾಧಿಕಾರದ ವ್ಯವಸ್ಥೆಯಲ್ಲಿ ಯಂತ್ರದ ತಯಾರಕರು ಕೊಟ್ಟ ‘ಆರ್‌ಡಿ ಸರ್ವಿಸ್’ ಎಂಬ ಸಣ್ಣ ತಂತ್ರಾಂಶ ಇಬ್ಬರ ನಡುವೆ ದಲ್ಲಾಳಿಯಂತೆ ಕೂತಿರುತ್ತದೆ. ವಿಂಡೋಸ್ ಗಣಕದಲ್ಲಿ ಅದು, ಆ ಗಣಕವನ್ನೇ ಸೂಚಿಸುವ 127.0.0.1 ಎಂಬ ವಿಳಾಸದಲ್ಲಿ, 11100ರಿಂದ 11120ರವರೆಗಿನ ಯಾವುದಾದರೂ ಒಂದು ಪೋರ್ಟ್‌, ಅಂದರೆ ಸಂಖ್ಯೆ ಹೊತ್ತ ಸಂಪರ್ಕದ ಬಾಗಿಲು, ತೆರೆದುಕೊಂಡು ಕರೆಗಾಗಿ ಕಾಯುತ್ತದೆ. ಯಾವುದು ಆ ಪೋರ್ಟ್ ಎಂದು ಪುಟಕ್ಕೆ ಮೊದಲೇ ತಿಳಿದಿರುವುದಿಲ್ಲ. ಆದ್ದರಿಂದ ಅದು ಒಂದು ತುದಿಯಿಂದ ಬಾಗಿಲು ಬಡಿಯುತ್ತ ಹೋಗಬೇಕು: 11100ರಲ್ಲಿ ಯಾರಿದ್ದೀರಿ, 11101ರಲ್ಲಿ ಯಾರಿದ್ದೀರಿ. ಒಟ್ಟು ಇಪ್ಪತ್ತೊಂದು ಬಾಗಿಲು. ಎಲ್ಲೋ ಒಂದು ಕಡೆ ಉತ್ತರ ಬಂದಾಗ ಗ್ರಾಹಕರ ಬೆರಳಿಗೆ ಕೆಂಪು ದೀಪ ಹೊತ್ತಿಕೊಳ್ಳುತ್ತದೆ.

ಈಗ ಇನ್ನೊಂದು ಪ್ರಸಂಗ. 2020ರ ಮೇ ತಿಂಗಳಲ್ಲಿ, ಇಬೇ ಎಂಬ ಮಾರಾಟ ತಾಣವನ್ನು ತೆರೆದ ವಿಂಡೋಸ್ ಕಂಪ್ಯೂಟರುಗಳಲ್ಲಿ ಆ ಪುಟ ಸದ್ದಿಲ್ಲದೆ 127.0.0.1ರ ಹದಿನಾಲ್ಕು ಪೋರ್ಟ್‌ಗಳನ್ನು ತಟ್ಟಿ ನೋಡುತ್ತಿದೆ ಎಂಬುದು ಬಯಲಾಯಿತು. ದೂರದಿಂದ ಕಂಪ್ಯೂಟರನ್ನು ಹಿಡಿತಕ್ಕೆ ತೆಗೆದುಕೊಳ್ಳುವ ತಂತ್ರಾಂಶಗಳೇನಾದರೂ ಓಡುತ್ತಿವೆಯೇ ಎಂದು ಅದು ನೋಡುತ್ತಿತ್ತು. ವಂಚನೆ ತಡೆಯುವುದೇ ಅದರ ಗುರಿ ಇದ್ದಿರಬಹುದು. ಆದರೆ ಕೇಳದೆ ಒಳಮನೆಗೆ ಇಣುಕಿದ್ದು ನಿಜ.

ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬ್ರೌಸರಿನ ಕಣ್ಣಿಗೆ ಎರಡೂ ಒಂದೇ ಚಟುವಟಿಕೆ. ಹೊರಗಿನ ಪುಟವೊಂದು ಈ ಕಂಪ್ಯೂಟರಿನೊಳಗಿನ ಪೋರ್ಟ್‌ಗಳನ್ನು ಸಾಲಾಗಿ ತಟ್ಟುತ್ತಿದೆ, ಅಷ್ಟೇ. ಒಂದು ಬಡವರ ಪಿಂಚಣಿ ಹಣ ಕೊಡಿಸಲು, ಇನ್ನೊಂದು ಬಳಕೆದಾರನ ಜಾತಕ ಬರೆದುಕೊಳ್ಳಲು ಎಂಬ ವ್ಯತ್ಯಾಸ ಆ ಕರೆಯ ಯಾವ ಅಕ್ಷರದಲ್ಲೂ ಇರುವುದಿಲ್ಲ. ಯಂತ್ರದಿಂದ ತೀರ್ಮಾನಿಸಲಾಗದ್ದನ್ನು ಮನುಷ್ಯನಿಗೆ ಬಿಡಬೇಕಾಯಿತು. ಹೊಸ ಚೌಕ ಮೂಡಲು ಮೂಲ ಕಾರಣ ಇದು.

ತಕ್ಷಣದ ಕಾರಣವೂ ಇತ್ತು. ಆಂಡ್ರಾಯ್ಡ್ ಫೋನುಗಳಲ್ಲಿ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಆ್ಯಪ್‌ಗಳು, ಹಾಗೆಯೇ ರಷ್ಯಾದ ಯಾಂಡೆಕ್ಸ್ ಕಂಪನಿಯ ಆ್ಯಪ್‌ಗಳು, ಫೋನಿನೊಳಗಿನ 127.0.0.1ರಲ್ಲಿ ಗೊತ್ತಾದ ಪೋರ್ಟ್‌ಗಳನ್ನು ತೆರೆದು ಕಾದಿರುತ್ತಿದ್ದವು. ಬ್ರೌಸರಿನಲ್ಲಿ ನೀವು ತೆರೆದ ಬೇರೆ ಯಾವುದೋ ತಾಣದಲ್ಲಿ ಅದೇ ಕಂಪನಿಯ ಜಾಡು ಹಿಡಿಯುವ ತುಣುಕು ಇದ್ದರೆ, ಅದು ಈ ಒಳದಾರಿಯಿಂದ ಆ್ಯಪ್‌ಗೆ ಸುದ್ದಿ ಮುಟ್ಟಿಸುತ್ತಿತ್ತು. ಬ್ರೌಸರಿನಲ್ಲಿ ಅನಾಮಿಕರಾಗಿ ಓಡಾಡುತ್ತಿದ್ದವರ ಗುರುತು ಹೀಗೆ ಹೆಸರಿನೊಂದಿಗೆ ತಳುಕು ಹಾಕಿಕೊಳ್ಳುತ್ತಿತ್ತು. ಸ್ಪೇನಿನ ಇಮ್ಡಿಯಾ, ನೆದರ್ಲೆಂಡ್ಸ್‌ನ ರಾಡ್‌ಬೌಡ್ ಮತ್ತು ಬೆಲ್ಜಿಯಂನ ಲುವೆನ್ ವಿಶ್ವವಿದ್ಯಾಲಯದ ಸಂಶೋಧಕರು 2025ರ ಜೂನ್ ಮೊದಲ ವಾರ ಇದನ್ನು ಬಹಿರಂಗಪಡಿಸಿದ ದಿನವೇ ಫೇಸ್‌ಬುಕ್‌ನ ಒಡೆತನದ ಮೆಟಾ ಕಂಪನಿ ಈ ಪದ್ಧತಿಯನ್ನು ನಿಲ್ಲಿಸಿತು. ಯಾಂಡೆಕ್ಸ್ 2017ರಿಂದಲೂ ಹೀಗೆ ಮಾಡುತ್ತಿತ್ತು ಎಂಬುದು ಆಗಲೇ ತಿಳಿದದ್ದು.

ಸಂಖ್ಯೆ ಒಂದು, ಬರೆಯುವ ಬಗೆ ಹಲವು

127.0.0.1 ಎಂದರೆ ‘ಈ ಯಂತ್ರವೇ’ ಎಂದರ್ಥ. ಆ ವಿಳಾಸಕ್ಕೆ ಕಳುಹಿಸಿದ್ದು ತಂತಿಯನ್ನೇ ಮುಟ್ಟದೆ ಒಳಗೇ ತಿರುಗಿ ಬರುತ್ತದೆ. ಹಾಗಾದರೆ ಬ್ರೌಸರುಗಳು ‘127.0.0.1 ಎಂದು ಬರೆದಿದ್ದರೆ ತಡೆ’ ಎಂಬ ನಿಯಮವನ್ನು ಇಪ್ಪತ್ತು ವರ್ಷ ಹಿಂದೆಯೇ ಮಾಡಬಹುದಿತ್ತಲ್ಲ?

ಇಲ್ಲಿಂದ ತೊಡಕು ಶುರುವಾಗುತ್ತದೆ. ಜಾಲದ ಹಳೆಯ ಮಾದರಿಯ ವಿಳಾಸ ನಿಜಕ್ಕೂ 32 ಬಿಟ್‌ಗಳ ಒಂದೇ ಒಂದು ಸಂಖ್ಯೆ. ಸೊನ್ನೆಯಿಂದ ಸುಮಾರು 429 ಕೋಟಿವರೆಗಿನ ಯಾವುದೋ ಒಂದು. ಮನುಷ್ಯರ ಅನುಕೂಲಕ್ಕೆ ಅದನ್ನು ನಾಲ್ಕು ತುಂಡು ಮಾಡಿ ನಡುವೆ ಚುಕ್ಕಿ ಇಡುತ್ತೇವೆ. ಈ ಚುಕ್ಕಿ ದಶಮಾಂಶದ ಚುಕ್ಕಿಯಲ್ಲ. ಪಹಣಿ ಓದಿ ಅಭ್ಯಾಸವಿರುವವರಿಗೆ ಇದು ಸುಲಭವಾಗಿ ಹೊಳೆಯಬೇಕು: ಅಲ್ಲಿ ವಿಸ್ತೀರ್ಣ 2.10 ಎಂದಿದ್ದರೆ ಎರಡು ಎಕರೆ ಹತ್ತು ಗುಂಟೆ, ಅಂದರೆ 90 ಗುಂಟೆ. ಊರಿನ ಲೆಕ್ಕ ತಿಳಿಯದ ಯಾರಾದರೂ ಅದನ್ನೇ ಎರಡು ದಶಮಾಂಶ ಒಂದು ಎಕರೆ ಎಂದು ಓದಿದರೆ 84 ಗುಂಟೆಯಾಗುತ್ತದೆ. ಬರೆದದ್ದು ಒಂದೇ, ಓದಿದವರು ಇಬ್ಬರು, ನಡುವೆ ಆರು ಗುಂಟೆ ಮಾಯ. ಜಾಲದ ವಿಳಾಸಗಳಲ್ಲಿ ಆಗುತ್ತಿರುವ ಅವಾಂತರದ ಸ್ವರೂಪ ಇದೇ.

1983ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯ ರೂಪಿಸಿದ, ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಆವೃತ್ತಿ ವಿಳಾಸವನ್ನು ಓದುವ ಸಣ್ಣ ಕ್ರಮವಿಧಿಯೊಂದನ್ನು ಜಗತ್ತಿಗೆ ಕೊಟ್ಟಿತು. ಅದು ಬಲು ಉದಾರಿ. ನಾಲ್ಕು ತುಂಡು ಕೊಟ್ಟರೂ ಸರಿ, ಮೂರು, ಎರಡು, ಕೊನೆಗೆ ಒಂದೇ ಕೊಟ್ಟರೂ ಸರಿ. ಕೊನೆಯ ತುಂಡು ಉಳಿದ ಜಾಗವನ್ನೆಲ್ಲ ತುಂಬಿಕೊಳ್ಳುತ್ತದೆ. ಆದ್ದರಿಂದ 127.1 ಎಂದರೆ 127.0.0.1. 10.1 ಎಂದರೆ 10.0.0.1. ಸ್ವಲ್ಪ ತಲೆ ತಿರುಗಿಸುವ ಉದಾಹರಣೆ ಬೇಕೆಂದರೆ 192.168.257 ಎಂದು ಬರೆದು ನೋಡಿ: 257 ಎಂದರೆ 256 ಮತ್ತು 1, ಹಾಗಾಗಿ ಅದು 192.168.1.1, ಎಷ್ಟೋ ಮನೆಗಳ ರೂಟರಿನ ವಿಳಾಸ. ಚುಕ್ಕಿಯನ್ನೇ ಬಿಟ್ಟು 2130706433 ಎಂದು ಬರೆದರೂ ತಲುಪುವುದು 127.0.0.1ಕ್ಕೇ.

ಈ ಉದಾರತೆ ಹುಚ್ಚಾಟವಾಗಿರಲಿಲ್ಲ. ಆ ಕಾಲದಲ್ಲಿ ವಿಳಾಸಗಳು ದೊಡ್ಡ, ನಡುವಣ, ಸಣ್ಣ ಎಂಬ ವರ್ಗಗಳಲ್ಲಿ ಹಂಚಿಕೆಯಾಗುತ್ತಿದ್ದವು. ದೊಡ್ಡ ಜಾಲವೊಂದರಲ್ಲಿ ಮೊದಲ ತುಂಡು ಜಾಲದ ಸಂಖ್ಯೆ, ಉಳಿದದ್ದೆಲ್ಲ ಯಂತ್ರದ ಸಂಖ್ಯೆ. ‘ಹತ್ತನೇ ಜಾಲದ ಒಂದನೇ ಯಂತ್ರ’ ಎನ್ನುವುದನ್ನು 10.1 ಎಂದು ಬರೆಯುವುದು ಸಹಜವೇ ಆಗಿತ್ತು. 1993ರಲ್ಲಿ ವರ್ಗಗಳು ಹೋಗಿ, ಓರೆಗೆರೆಯ ಮುಂದೆ ಬಿಟ್ ಎಣಿಕೆ ಬರೆಯುವ ಈಗಿನ ಪದ್ಧತಿ ಬಂತು. ಕಾರಣ ಸತ್ತಿತು, ಪದ್ಧತಿ ಉಳಿಯಿತು. ಬ್ರೌಸರುಗಳು ಇಂದಿಗೂ ಅನುಸರಿಸುವ ವಿಳಾಸ ಓದುವ ಪ್ರಮಾಣಪದ್ಧತಿಯಲ್ಲಿ 127.1ಕ್ಕೆ ಮಾನ್ಯತೆಯಿದೆ. ವಿಳಾಸಪಟ್ಟಿಯಲ್ಲಿ ಹಾಗೆ ಟೈಪ್ ಮಾಡಿದರೆ ಬ್ರೌಸರೇ ಅದನ್ನು ಪೂರ್ಣರೂಪಕ್ಕೆ ತಿದ್ದಿಕೊಳ್ಳುತ್ತದೆ.

ಮುಂದಿನ ಸೊನ್ನೆಯ ತಕರಾರು

ಇದಕ್ಕಿಂತ ಕೆಟ್ಟದ್ದು ಅದೇ ಕ್ರಮವಿಧಿಯ ಇನ್ನೊಂದು ಉದಾರತೆ. ತುಂಡೊಂದು ಸೊನ್ನೆಯಿಂದ ಶುರುವಾದರೆ ಅದನ್ನು ಎಂಟರ ಮಾನದ ಸಂಖ್ಯೆ ಎಂದು ಓದಬೇಕು. ಆಗ 010 ಎಂದರೆ ಹತ್ತಲ್ಲ, ಎಂಟು. 0177 ಎಂದರೆ 127. ಲೆಕ್ಕದ ಮೇಷ್ಟ್ರು ಸೊನ್ನೆಗೆ ಎಡಗಡೆ ಬೆಲೆಯಿಲ್ಲ ಎಂದು ಕಲಿಸಿದ್ದನ್ನು ನಂಬಿದ ಪ್ರೋಗ್ರಾಮರು ಆ ಸೊನ್ನೆಯನ್ನು ಕಿತ್ತು ಹಾಕಿ 177 ಎಂದು ಓದುತ್ತಾನೆ. ಯುನಿಕ್ಸ್ ಪದ್ಧತಿ 127 ಎಂದು ಓದುತ್ತದೆ.

2021ರ ಮಾರ್ಚ್‌ನಲ್ಲಿ ಇದು ದೊಡ್ಡ ಸುದ್ದಿಯಾಯಿತು. ಜಾವಾಸ್ಕ್ರಿಪ್ಟ್ ಬರೆಯುವವರು ವ್ಯಾಪಕವಾಗಿ ಬಳಸುವ ‘ನೆಟ್‌ಮಾಸ್ಕ್’ ಎಂಬ ಸಿದ್ಧ ತುಣುಕು ಮುಂದಿನ ಸೊನ್ನೆಯನ್ನು ಕಡೆಗಣಿಸುತ್ತಿತ್ತು. ವಾರಕ್ಕೆ ಸುಮಾರು 30 ಲಕ್ಷ ಬಾರಿ ಡೌನ್‌ಲೋಡ್ ಆಗುತ್ತಿದ್ದ ತುಣುಕದು. ಪರಿಣಾಮವನ್ನು ಹಂತಹಂತವಾಗಿ ನೋಡಿ. ಒಂದು ಸರ್ವರಿಗೆ ‘ಈ ವಿಳಾಸದಿಂದ ಚಿತ್ರ ತಂದುಕೊಡು’ ಎಂದು ಹೊರಗಿನವರು ಕೇಳಬಹುದು, ಆದರೆ ಒಳಗಿನ ವಿಳಾಸವನ್ನು ಕೊಡುವಂತಿಲ್ಲ ಎಂಬ ನಿಯಮವಿದೆ. ದಾಳಿಕೋರ 0177.0.0.1 ಎಂದು ಬರೆದು ಕೊಡುತ್ತಾನೆ. ಕಾವಲಿಗಿರುವ ತುಣುಕು ಅದನ್ನು 177.0.0.1 ಎಂದು ಓದಿ, ಹೊರಗಿನದ್ದೇ ಎಂದು ಬಿಟ್ಟುಬಿಡುತ್ತದೆ. ಮುಂದೆ ಕರೆ ಮಾಡುವ ಭಾಗ ಅದನ್ನೇ 127.0.0.1 ಎಂದು ಓದಿ ಸರ್ವರಿನ ಒಳಮನೆಯ ಕದ ತೆರೆಯುತ್ತದೆ. ಕಾವಲುಗಾರ ಚಾಪೆಯ ಕೆಳಗೆ ಹುಡುಕುತ್ತಿದ್ದರೆ ಬಂದವನು ರಂಗೋಲಿಯ ಕೆಳಗೆ ತೂರಿದ.

ಅದೇ ವರ್ಷ ಪೈಥಾನ್, ಗೋ, ರಸ್ಟ್ ಭಾಷೆಗಳ ಮೂಲ ಭಂಡಾರಗಳಲ್ಲೂ ಇದೇ ಬಗೆಯ ದೋಷ ಸಿಕ್ಕಿತು. ಮೂರೂ ಕಡೆ ಪರಿಹಾರ ಒಂದೇ: ಎಂಟರ ಮಾನವೋ ಹತ್ತರ ಮಾನವೋ ಎಂಬ ವ್ಯಾಜ್ಯವೇ ಬೇಡ, ಮುಂದೆ ಸೊನ್ನೆಯಿರುವ ವಿಳಾಸವನ್ನು ವಿಳಾಸವೆಂದೇ ಒಪ್ಪುವುದಿಲ್ಲ.

ಕ್ಲೌಡ್ ಯುಗದಲ್ಲಿ ಈ ತಕರಾರಿಗೆ ಬೆಲೆ ಹೆಚ್ಚು. ಅಮೆಜಾನ್‌ನಂಥ ಕ್ಲೌಡ್ ಸೇವೆಗಳಲ್ಲಿ ಬಾಡಿಗೆ ಯಂತ್ರವೊಂದು ತನ್ನ ಗುರುತಿನ ಬೀಗದ ಕೈಗಳನ್ನು ಕೇಳಿ ಪಡೆಯುವುದು 169.254.169.254 ಎಂಬ ಒಳವಿಳಾಸದಿಂದ. ಇದನ್ನೇ 2852039166 ಎಂದೂ ಬರೆಯಬಹುದು. ನಿಷೇಧಿತ ಪಟ್ಟಿಯಲ್ಲಿ ಮೊದಲನೆಯ ರೂಪ ಮಾತ್ರ ಇದ್ದರೆ ಎರಡನೆಯದು ನಿರಾತಂಕವಾಗಿ ಒಳಗೆ ಹೋಗುತ್ತದೆ.

ಬರೀ ಸೊನ್ನೆಗಳ ವಿಳಾಸ

2024ರ ಆಗಸ್ಟ್‌ನಲ್ಲಿ ಇಸ್ರೇಲಿನ ಒಲಿಗೊ ಎಂಬ ಭದ್ರತಾ ಕಂಪನಿ ತೋರಿಸಿದ್ದು ಮತ್ತೊಂದು ಸಂದು. 0.0.0.0 ಎಂಬುದು ವಾಸ್ತವವಾಗಿ ಯಾವ ಯಂತ್ರದ ವಿಳಾಸವೂ ಅಲ್ಲ. ಸರ್ವರ್ ನಡೆಸುವವರು ‘ನನ್ನ ಎಲ್ಲ ಬಾಗಿಲುಗಳಲ್ಲೂ ಕರೆ ಸ್ವೀಕರಿಸುತ್ತೇನೆ’ ಎನ್ನಲು ಅದನ್ನು ಬಳಸುತ್ತಾರೆ. ಆದರೆ ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ಆ ವಿಳಾಸಕ್ಕೆ ಕರೆ ಮಾಡಿದರೆ ಅದು 127.0.0.1ಕ್ಕೇ ಹೋಗಿ ಮುಟ್ಟುತ್ತದೆ. ವಿಂಡೋಸ್‌ನಲ್ಲಿ ಹಾಗಾಗುವುದಿಲ್ಲ.

ಸ್ಥಳೀಯ ವಿಳಾಸಗಳಿಗೆ ಹೊರಗಿನ ಪುಟಗಳು ಹೋಗದಂತೆ ಗೂಗಲ್ ಆ ಹೊತ್ತಿಗೆ ಕಟ್ಟುತ್ತಿದ್ದ ಬೇಲಿಯ ಪಟ್ಟಿಯಲ್ಲಿ 127ರ ಸಾಲಿತ್ತು, 10ರ ಸಾಲಿತ್ತು, 192.168 ಇತ್ತು. ಬರೀ ಸೊನ್ನೆಗಳದ್ದು ಬಿಟ್ಟುಹೋಗಿತ್ತು. ಫೈರ್‌ಫಾಕ್ಸ್ ಬೆಳೆಸುವವರ ದೋಷಪಟ್ಟಿಯಲ್ಲಿ ಇದರ ಬಗ್ಗೆ 2006ರಲ್ಲೇ ದೂರು ದಾಖಲಾಗಿತ್ತು ಎಂಬುದು ಈ ಪ್ರಕರಣದ ಸೊಗಸು. ಹದಿನೆಂಟು ವರ್ಷ ಅದು ‘ಇದು ದೋಷವೇ ಅಲ್ಲವೇ’ ಎಂಬ ಚರ್ಚೆಯಲ್ಲೇ ಕಳೆದಿತ್ತು. ಒಲಿಗೊ ಪ್ರಕಟಿಸಿದ ಮೇಲೆ ಗೂಗಲ್ ಮತ್ತು ಆಪಲ್ ಎರಡೂ ಅದನ್ನು ತಡೆಯುವುದಾಗಿ ಹೇಳಿದವು.

ಲೋಕಲ್‌ಹೋಸ್ಟ್ ಎಂಬ ನಂಬಿಕೆ

ಸಂಖ್ಯೆಯ ಕಥೆ ಇಷ್ಟಾದರೆ ಹೆಸರಿನದು ಬೇರೆಯೇ ರಾಮಾಯಣ. ಇಂಟರ್ನೆಟ್ಟಿನ ಪೂರ್ವಜನಾದ ಅರ್ಪಾನೆಟ್ ಕಾಲದಲ್ಲಿ ಜಾಲದ ಎಲ್ಲ ಯಂತ್ರಗಳ ಹೆಸರು-ಸಂಖ್ಯೆಗಳು ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ಕೈಯಾರೆ ತಿದ್ದಿ ಹಂಚುತ್ತಿತ್ತು. ಯಂತ್ರಗಳು ಹೆಚ್ಚಿದಂತೆ ಅದು ಕೈಮೀರಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್ಎಸ್ ಎಂಬ ಹಂಚಿಹೋದ ಹೆಸರುಪುಸ್ತಕವನ್ನು ರೂಪಿಸಿದರು. ಆದರೂ ಹಳೆಯ ಕಡತ ಸಾಯಲಿಲ್ಲ. ‘ಹೋಸ್ಟ್ಸ್’ ಎಂಬ ಹೆಸರಿನಲ್ಲಿ ಇಂದಿಗೂ ಪ್ರತಿ ವಿಂಡೋಸ್, ಲಿನಕ್ಸ್, ಮ್ಯಾಕ್ ಗಣಕದಲ್ಲಿ ಅದು ಮೂಲೆ ಹಿಡಿದು ಕೂತಿದೆ, ಮತ್ತು ಸಾಮಾನ್ಯವಾಗಿ ಅದರ ಮಾತೇ ಮೊದಲು ನಡೆಯುತ್ತದೆ. ಅದರಲ್ಲಿ ಬರೆದಿದ್ದರೆ ಹೊರಗೆ ಕೇಳುವ ಪ್ರಶ್ನೆಯೇ ಇಲ್ಲ.

ಲೋಕಲ್‌ಹೋಸ್ಟ್ ಎಂಬ ಹೆಸರು 127.0.0.1 ಆಗುವುದು ಬಹುಕಾಲ ಈ ಕಡತದ ಒಂದು ಸಾಲಿನ ಕೃಪೆಯಿಂದ. ಆ ಸಾಲು ಅಳಿಸಿಹೋದರೆ? ಪ್ರಶ್ನೆ ಹೊರಗಿನ ಡಿಎನ್ಎಸ್ ಸರ್ವರಿಗೆ ಹೋಗುತ್ತದೆ, ಅದು ಏನು ಹೇಳಿದರೆ ಅದೇ ಸತ್ಯ. ‘ಇದು ನನ್ನದೇ ಯಂತ್ರ’ ಎಂಬ ಅತಿ ಆಪ್ತ ನಂಬಿಕೆಯನ್ನು ಅಪರಿಚಿತನೊಬ್ಬ ನಿರ್ಧರಿಸುವಂತಾಗುತ್ತದೆ. ಈ ಹೆಸರನ್ನು 1999ರಲ್ಲಿ ಕಾದಿರಿಸಿದ್ದರೂ, ಹೊರಗೆ ಕೇಳಬಾರದು ಎಂಬ ಸ್ಪಷ್ಟ ಸೂಚನೆ ಬಂದದ್ದು 2013ರಲ್ಲಿ. ಕ್ರೋಮ್ ಈಗ ಕಡತವನ್ನೂ ಕೇಳದೆ ತಾನೇ ತೀರ್ಮಾನಿಸುತ್ತದೆ. ಫೈರ್‌ಫಾಕ್ಸ್ 2020ರ ಡಿಸೆಂಬರ್‌ನ 84ನೇ ಆವೃತ್ತಿಯಿಂದ ಅದೇ ದಾರಿ ಹಿಡಿದಿದೆ.

ಆದರೂ ಹೆಸರೊಂದಕ್ಕೆ ಎರಡು ಉತ್ತರಗಳಿವೆ. ಐಪಿವಿ6 ಎಂಬ ಹೊಸ ಮಾದರಿಯ ವಿಳಾಸಗಳಲ್ಲಿ ‘ಈ ಯಂತ್ರವೇ’ ಎನ್ನಲು ಬರೆಯುವುದು ::1 ಎಂದು. ಜೋಡಿ ವಿವರಣ ಚಿಹ್ನೆಯ ಜಾಗದಲ್ಲಿ ಬೇಕಾದಷ್ಟು ಸೊನ್ನೆ ಇವೆಯೆಂದು ತಿಳಿಯಬೇಕು. ಇದೂ ಸಂಕ್ಷಿಪ್ತ ರೂಪವೇ, ಆದರೆ ಹೇಗೆ ಸಂಕ್ಷೇಪಿಸಬೇಕು ಎಂಬುದಕ್ಕೆ 2010ರಲ್ಲಿ ಶಿಸ್ತು ಬಂದಿದೆ. 2021ರ ಅಕ್ಟೋಬರಿನಲ್ಲಿ, ಜಾವಾಸ್ಕ್ರಿಪ್ಟನ್ನು ಬ್ರೌಸರಿನ ಹೊರಗೆ ಓಡಿಸುವ ನೋಡ್ ಜೆಎಸ್‌ನ 17ನೇ ಆವೃತ್ತಿ, ಎರಡು ಉತ್ತರ ಬಂದಾಗ ಹಳೆಯದನ್ನೇ ಮುಂದೆ ಮಾಡುವ ಅಭ್ಯಾಸವನ್ನು ಬಿಟ್ಟು, ವ್ಯವಸ್ಥೆ ಕೊಟ್ಟ ಕ್ರಮದಲ್ಲೇ ಬಳಸತೊಡಗಿತು. ಮರುದಿನದಿಂದ ಎಷ್ಟೋ ಪ್ರೋಗ್ರಾಮರುಗಳ ಮೇಜಿನ ಮೇಲೆ ಚೆನ್ನಾಗಿ ನಡೆಯುತ್ತಿದ್ದ ಕೆಲಸ ‘ಸಂಪರ್ಕ ನಿರಾಕರಿಸಲಾಗಿದೆ, ::1:3000’ ಎಂದು ನಿಂತುಹೋಯಿತು. ಕರೆ ಮಾಡುವವನು ::1ರ ಬಾಗಿಲಲ್ಲಿ ನಿಂತಿದ್ದ, ಸರ್ವರ್ 127.0.0.1ರ ಬಾಗಿಲಲ್ಲಿ ಕಾಯುತ್ತಿತ್ತು. ಮನೆ ಒಂದೇ, ಒಬ್ಬ ಹಿತ್ತಿಲಲ್ಲಿ, ಒಬ್ಬ ಪಡಸಾಲೆಯಲ್ಲಿ.

ಮನೆಯೊಳಗೆ ಇಟ್ಟ ಹೆಸರುಗಳು

ಪ್ರಿಂಟರಿಗೋ ಟಿವಿಗೋ ಮನೆಯ ಮಟ್ಟಿಗೆ ಹೆಸರು ಬೇಕೆಂದರೆ ಏನು ಮಾಡಬೇಕು? ಆಪಲ್ 2002ರಲ್ಲಿ ತಂದ ಉಪಾಯ ಕೂಗಿ ಕೇಳುವುದು. ‘ಡಾಟ್ ಲೋಕಲ್’ ಎಂದು ಮುಗಿಯುವ ಹೆಸರಾದರೆ ಯಂತ್ರ 224.0.0.251 ಎಂಬ ಗುಂಪು ವಿಳಾಸಕ್ಕೆ, 5353ನೇ ಪೋರ್ಟ್‌ನಲ್ಲಿ, ಈ ಹೆಸರಿನವರು ಯಾರಪ್ಪಾ ಎಂದು ಕೂಗುತ್ತದೆ. ಆ ಹೆಸರಿನ ಪ್ರಿಂಟರ್ ನಾನೇ ಎನ್ನುತ್ತದೆ. 2013ರಲ್ಲಿ ಇದು ಪ್ರಮಾಣಪದ್ಧತಿಯಾಯಿತು. ಯಾರು ಮೊದಲು ‘ನಾನೇ’ ಎಂದರೂ ನಂಬಬೇಕಾದ ವ್ಯವಸ್ಥೆ ಎಂಬುದು ಇದರ ಶಕ್ತಿಯೂ ಹೌದು, ದೌರ್ಬಲ್ಯವೂ ಹೌದು.

ಕಚೇರಿಗಳವರು ತಮಗೆ ತೋಚಿದ ಬಾಲಗಳನ್ನು ಅಂಟಿಸಿಕೊಂಡರು: ಕೆಲವರು ಡಾಟ್ ಕಾರ್ಪ್, ಕೆಲವರು ಡಾಟ್ ಹೋಮ್, ಪ್ರೋಗ್ರಾಮರುಗಳು ಡಾಟ್ ಡೆವ್. ಹೊರಜಗತ್ತಿನಲ್ಲಿ ಆ ಬಾಲ ಇಲ್ಲದಿರುವವರೆಗೆ ನಿಶ್ಚಿಂತೆ. ಡಾಟ್ ಡೆವ್ ಗೂಗಲ್ ಪಾಲಾಯಿತು. 2017ರ ಡಿಸೆಂಬರಿನಲ್ಲಿ ಕ್ರೋಮ್ 63 ಆ ಬಾಲದ ಎಲ್ಲ ಹೆಸರುಗಳನ್ನೂ ಭದ್ರ ಸಂಪರ್ಕಕ್ಕೆ ಕಡ್ಡಾಯಗೊಳಿಸಿದಾಗ, ಹಾಗೆ ಹೆಸರಿಟ್ಟುಕೊಂಡಿದ್ದ ಸಾವಿರಾರು ಮೇಜುಗಳ ಮೇಲಿನ ಪ್ರಯೋಗ ತಾಣಗಳು ತೆರೆಯದಾದವು. ತಪ್ಪು ಗೂಗಲ್‌ನದೇ ಎಂದು ಬೈದವರು ಬಹಳ. ಕೊಂಡುಕೊಳ್ಳದ ನಿವೇಶನದಲ್ಲಿ ಮನೆ ಕಟ್ಟಿಕೊಂಡದ್ದು ಯಾರು ಎಂದು ಕೇಳಿಕೊಂಡವರು ಕಡಿಮೆ.

ಇಂಥ ಡಿಕ್ಕಿಗಳನ್ನು ಎಚ್ಚರಿಸಲು, ಜಾಗತಿಕ ಹೆಸರುಗಳ ಉಸ್ತುವಾರಿ ಸಂಸ್ಥೆ ಐಕ್ಯಾನ್ 2014ರಿಂದ ಒಂದು ಜಾಣ ತಂತ್ರ ಬಳಸಿತು. ಹೊಸ ಬಾಲವೊಂದು ಚಾಲ್ತಿಗೆ ಬರುವ ಮುನ್ನ ತೊಂಬತ್ತು ದಿನ, ಡಿಕ್ಕಿಯಾಗಬಹುದಾದ ಹೆಸರುಗಳನ್ನು ಕೇಳಿದವರಿಗೆ 127.0.53.53 ಎಂಬ ಉತ್ತರ ಬರುತ್ತಿತ್ತು. ಡಿಎನ್ಎಸ್‌ನ ಪೋರ್ಟ್ ಸಂಖ್ಯೆ 53. ತನ್ನ ಕಡತದಲ್ಲಿ ಈ ವಿಚಿತ್ರ ವಿಳಾಸ ಕಂಡ ವ್ಯವಸ್ಥಾಪಕ ಹುಡುಕಿ ನೋಡಲಿ ಎಂಬ ಸಂಕೇತ ಅದು. ಕೊನೆಗೆ 2024ರ ಜುಲೈನಲ್ಲಿ ‘ಡಾಟ್ ಇಂಟರ್ನಲ್’ ಎಂಬ ಬಾಲವನ್ನು ಯಾರಿಗೂ ಎಂದೂ ಮಾರುವುದಿಲ್ಲ, ಖಾಸಗಿ ಬಳಕೆಗೇ ಮೀಸಲು ಎಂದು ಐಕ್ಯಾನ್ ಮಂಡಳಿ ತೀರ್ಮಾನಿಸಿತು. ತಡವಾದರೂ ಒಳ್ಳೆಯ ತೀರ್ಮಾನ.

ಬೇಲಿ ಹೇಗಿರಬೇಕು ಎಂಬ ಜಗಳ

ಈಗ ಮತ್ತೆ ಬ್ರೌಸರಿನ ಚೌಕಕ್ಕೆ ಬರೋಣ. ಮನೆಯೊಳಗಿನ ಸಾಧನಗಳ ರಕ್ಷಣೆ ಅಗತ್ಯ ಎಂಬ ಬಗ್ಗೆ ಭಿನ್ನಾಭಿಪ್ರಾಯವಿಲ್ಲ. 2018ರಲ್ಲಿ ಬಯಲಾದ ‘ಘೋಸ್ಟ್‌ಡಿಎನ್ಎಸ್’ ದಾಳಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮನೆ ರೂಟರುಗಳ ಡಿಎನ್ಎಸ್ ತಿದ್ದಲ್ಪಟ್ಟಿತ್ತು, ಬಹುಪಾಲು ಬ್ರೆಜಿಲ್‌ನಲ್ಲಿ. ರೂಟರಿನ ಡಿಎನ್ಎಸ್ ಬದಲಾದರೆ ಬ್ಯಾಂಕಿನ ಹೆಸರು ಸರಿಯಾಗಿ ಟೈಪ್ ಮಾಡಿದರೂ ಕಳ್ಳನ ತಾಣಕ್ಕೆ ಹೋಗಿ ಮುಟ್ಟಬಹುದು.

ಜಗಳ ಇರುವುದು ತಡೆಯುವ ಕ್ರಮದ ಬಗ್ಗೆ. ಗೂಗಲ್‌ನ ಮೊದಲ ಯೋಜನೆಯಲ್ಲಿ ಒಪ್ಪಿಗೆ ಕೊಡಬೇಕಾದದ್ದು ಸಾಧನ. ಹೊರಗಿನ ಪುಟ ಒಳಗೆ ಬರುವ ಮುನ್ನ ಬ್ರೌಸರ್ ಪ್ರಿಂಟರನ್ನೇ ಕೇಳುತ್ತದೆ: ಇವರು ಬರಬಹುದೇ? ಪ್ರಿಂಟರ್ ಹೌದು ಎಂದರೆ ಮಾತ್ರ ಪ್ರವೇಶ. ಭದ್ರತೆಯ ದೃಷ್ಟಿಯಿಂದ ಇದು ಅಚ್ಚುಕಟ್ಟು, ಬಳಕೆದಾರನ ತಲೆಗೆ ಕೆಲಸವಿಲ್ಲ. ಆದರೆ ಹತ್ತು ವರ್ಷದ ಹಿಂದೆ ಕೊಂಡ ಪ್ರಿಂಟರಿಗೆ, ರೂಟರಿಗೆ ಈ ಹೊಸ ಪ್ರಶ್ನೆಗೆ ಉತ್ತರಿಸಲು ಕಲಿಸುವವರು ಯಾರು? ತಯಾರಕರು ಆ ಮಾದರಿಯನ್ನೇ ಮರೆತಿರುತ್ತಾರೆ. ಉತ್ತರಿಸದ ಸಾಧನಗಳೆಲ್ಲ ಕೆಲಸ ನಿಲ್ಲಿಸಿದರೆ ಬೈಸಿಕೊಳ್ಳುವುದು ಬ್ರೌಸರ್. ಹಾಗಾಗಿ 2024ರಲ್ಲಿ ಆ ಯೋಜನೆ ತಡೆಹಿಡಿಯಲ್ಪಟ್ಟಿತು. ಬದಲಿಗೆ ಬಂದದ್ದು ಬಳಕೆದಾರನನ್ನು ಕೇಳುವ ಈಗಿನ ಕ್ರಮ. ಐಫೋನಿನ ಆ್ಯಪ್‌ಗಳಿಗೆ 2020ರಿಂದಲೇ ಇಂಥ ಅನುಮತಿ ಕಡ್ಡಾಯವಾಗಿದೆ.

ಹೊಸ ಕ್ರಮದಲ್ಲಿ ಒಂದು ಮುಖ್ಯ ಗುಣವಿದೆ. ವಿಳಾಸವನ್ನು ಹೇಗೆ ಬರೆದಿದ್ದಾರೆ ಎಂಬುದರ ಮೇಲೆ ಅದು ನಿಂತಿಲ್ಲ. ಕೊನೆಗೆ ಸಂಪರ್ಕ ಯಾವ ಸಂಖ್ಯೆಗೆ ಹೋಗುತ್ತಿದೆ ಎಂದು ನೋಡುತ್ತದೆ. 127.1 ಬರೆಯಲಿ, ಚುಕ್ಕಿಯಿಲ್ಲದ ಸಂಖ್ಯೆ ಬರೆಯಲಿ, ತನ್ನದೇ ಹೆಸರೊಂದನ್ನು ನೊಂದಾಯಿಸಿ ಅದು ಮೊದಲು ಹೊರಗಿನ ಸಂಖ್ಯೆಗೂ ಆಮೇಲೆ 192.168.1.1ಕ್ಕೂ ತಿರುಗುವಂತೆ ಕಣ್ಕಟ್ಟು ಮಾಡಲಿ, ಮುಟ್ಟುವ ಜಾಗ ಒಳಮನೆಯಾದರೆ ಪ್ರಶ್ನೆ ಏಳುತ್ತದೆ. ನಲವತ್ತು ವರ್ಷದ ಕಾಗುಣಿತ ಜಗಳದಿಂದ ಹೊರಬರಲು ಇದೇ ಸರಿಯಾದ ದಾರಿ ಎಂಬುದರಲ್ಲಿ ಸಂಶಯವಿಲ್ಲ. ಬರಹವನ್ನು ಪರೀಕ್ಷಿಸುವ ಕಾವಲು ಯಾವತ್ತೂ ಮತ್ತೊಂದು ಬರಹಕ್ಕೆ ಸೋಲುತ್ತದೆ.

ಆದರೂ ಬರಹ ಹಿಂಬಾಗಿಲಿನಿಂದ ಮತ್ತೆ ಬಂದಿದೆ. ಭದ್ರ ಸಂಪರ್ಕದ ಪುಟ ಸಾಮಾನ್ಯವಾಗಿ ಭದ್ರವಲ್ಲದ ವಿಳಾಸವನ್ನು ಕರೆಯುವಂತಿಲ್ಲ. ಮನೆಯ ಪ್ರಿಂಟರಿಗೋ ಭದ್ರತಾ ಪ್ರಮಾಣಪತ್ರ ಇರುವುದಿಲ್ಲ. ಖಾಸಗಿ ಹೆಸರುಗಳಿಗೆ ಮಾನ್ಯ ಪ್ರಮಾಣಪತ್ರ ಕೊಡುವುದನ್ನು ಅವುಗಳನ್ನು ನೀಡುವ ಸಂಸ್ಥೆಗಳು 2015ರ ನವೆಂಬರಿಗೆ ನಿಲ್ಲಿಸಿವೆ. ಹಾಗಾಗಿ ಕ್ರೋಮ್ ವಿನಾಯಿತಿ ಕೊಡಬೇಕಾಯಿತು: 192.168ರಂಥ ಖಾಸಗಿ ಸಂಖ್ಯೆಯನ್ನೇ ಬರೆದಿದ್ದರೆ, ಅಥವಾ ಹೆಸರು ಡಾಟ್ ಲೋಕಲ್ ಎಂದು ಮುಗಿದರೆ, ಅನುಮತಿ ಸಿಕ್ಕ ಮೇಲೆ ಬಿಡುತ್ತದೆ. ಉಳಿದ ಹೆಸರುಗಳ ವಿಷಯದಲ್ಲಿ ‘ಇದು ಒಳಗಿನದು’ ಎಂದು ಪುಟ ಬರೆದವರು ಮೊದಲೇ ಘೋಷಿಸಿರಬೇಕು.

ಸಂಕ್ಷಿಪ್ತ ರೂಪಗಳನ್ನೇ ರದ್ದು ಮಾಡಿ ಎಂಬ ವಾದವೂ ಇದೆ. ಗೋ, ರಸ್ಟ್‌ನಂಥ ಹೊಸ ಭಾಷೆಗಳು ನಾಲ್ಕು ಪೂರ್ಣ ತುಂಡುಗಳಿಲ್ಲದೆ ವಿಳಾಸವನ್ನು ಒಪ್ಪುವುದೇ ಇಲ್ಲ. ಬ್ರೌಸರುಗಳು ಮಾತ್ರ ಹಿಂಜರಿಯುತ್ತಿವೆ. ನಿನ್ನೆ ತೆರೆಯುತ್ತಿದ್ದ ಕೊಂಡಿ ಇಂದು ತೆರೆಯದಿದ್ದರೆ ದೂರು ಬರುವುದು ಅವರ ಮನೆಬಾಗಿಲಿಗೆ. ಹಾಗೆಂದು ಇಬ್ಬರೂ ತಮ್ಮ ತಮ್ಮ ನಿಲುವಿಗೆ ಅಂಟಿಕೊಂಡರೆ, ಗೋದಲ್ಲಿ ಬರೆದ ಕಾವಲು ‘ಇದು ವಿಳಾಸವೇ ಅಲ್ಲ’ ಎಂದದ್ದನ್ನು ಮುಂದಿನ ಹಂತದ ಇನ್ನೊಂದು ತಂತ್ರಾಂಶ ವಿಳಾಸವೆಂದು ಓದುವ ಅಪಾಯ ಉಳಿದೇ ಇರುತ್ತದೆ. ಶಿಸ್ತು ಒಂದು ತುದಿಯಲ್ಲಿ ಮಾತ್ರ ಇದ್ದರೆ ಅದೇ ಒಂದು ಸಂದು.

ಮೇಜಿನ ಈಚೆ ಬದಿ

ಇದೆಲ್ಲದರ ಪರಿಣಾಮ ಮೊದಲು ಕಾಣುವುದು ನಾವು ನೋಡಿದ ಸೇವಾ ಕೇಂದ್ರದ ಮೇಜಿನ ಮೇಲೆ. ಹೊರಗಿನ ಪುಟ 127.0.0.1ನ್ನು ಕರೆಯುವ ಪ್ರತಿ ವ್ಯವಸ್ಥೆಗೂ ಈ ಚೌಕ ಅಡ್ಡ ಬರುತ್ತದೆ. ಮೊದಲ ಹಂತದಲ್ಲಿ ‘ವೆಬ್‌ಸಾಕೆಟ್’ ಎಂಬ ಬಗೆಯ ಸಂಪರ್ಕಗಳನ್ನು ಕ್ರೋಮ್ ಹೊರಗಿಟ್ಟಿತು. ಆದ್ದರಿಂದ ಡಿಜಿಟಲ್ ಸಹಿಯಂಥ ಕೆಲಸಕ್ಕೆ ಆ ದಾರಿ ಹಿಡಿದಿರುವ ತಂತ್ರಾಂಶಗಳಿಗೆ ಬಿಸಿ ತಡವಾಗಿ ತಟ್ಟುತ್ತದೆ.

ಗಡಿಬಿಡಿಯಲ್ಲಿರುವ ನಿರ್ವಾಹಕ ಅರ್ಥವಾಗದ ಚೌಕವನ್ನು ‘ತಡೆ’ ಎಂದು ಒತ್ತಿದ ಎನ್ನಿ. ಬ್ರೌಸರ್ ಅದನ್ನು ನೆನಪಿಡುತ್ತದೆ, ಮತ್ತೆ ಕೇಳುವುದಿಲ್ಲ. ಪುಟಕ್ಕೆ ತಿಳಿಯುವುದು ಕರೆ ವಿಫಲವಾಯಿತು ಎಂಬುದಷ್ಟೇ. ಅನುಮತಿ ಇಲ್ಲದ್ದರಿಂದಲೋ ತಂತಿ ಸಡಿಲವಾದ್ದರಿಂದಲೋ ಎಂದು ತಾನಾಗಿ ತಿಳಿಯುವುದಿಲ್ಲ. ಪುಟ ಬರೆದವರು ಅನುಮತಿಯ ಸ್ಥಿತಿಯನ್ನು ಬೇರೆಯಾಗಿ ಪರೀಕ್ಷಿಸದಿದ್ದರೆ ‘ಸಾಧನ ಜೋಡಣೆಯಾಗಿಲ್ಲ’ ಎಂಬ ಹಳೆಯ ಸಂದೇಶವೇ ಮೂಡುತ್ತದೆ. ಆಗ ತಂತಿ ಕಿತ್ತು ಹಾಕಿ, ಯಂತ್ರ ಒರೆಸಿ, ಕಂಪ್ಯೂಟರ್ ಮರುಚಾಲನೆ ಮಾಡಿ ಸುಸ್ತಾಗುವುದಷ್ಟೇ. ಪರಿಹಾರ ಇರುವುದು ವಿಳಾಸಪಟ್ಟಿಯ ಎಡಬದಿಯ ಚಿಕ್ಕ ಗುರುತಿನೊಳಗೆ, ಆ ತಾಣದ ಅನುಮತಿಗಳ ಪಟ್ಟಿಯಲ್ಲಿ. ದೊಡ್ಡ ಸಂಸ್ಥೆಗಳು ತಮ್ಮ ಎಲ್ಲ ಗಣಕಗಳಿಗೂ ಗೊತ್ತಾದ ತಾಣಗಳನ್ನು ಮುಂಚಿತವಾಗಿ ಒಪ್ಪಿಸಿಡುವ ಆಡಳಿತ ಸೌಲಭ್ಯ ಕ್ರೋಮ್‌ನಲ್ಲಿದೆ. ಒಂದೇ ಕಂಪ್ಯೂಟರಿನ ಅಂಗಡಿಗೆ ಅದು ಎಟುಕುವುದು ಅಷ್ಟರಲ್ಲೇ ಇದೆ.

ಇನ್ನೊಂದು ಸಾಧ್ಯತೆ ಹೆಚ್ಚು ಚಿಂತೆಯದು. ಕೆಲಸ ಸಾಗಬೇಕಾದರೆ ‘ಬಿಡು’ ಒತ್ತಬೇಕು ಎಂದು ತರಬೇತಿ ಕೊಟ್ಟರೆ, ಎಲ್ಲ ಚೌಕಕ್ಕೂ ಅದೇ ಉತ್ತರ ರೂಢಿಯಾಗುತ್ತದೆ. ಅನುಮತಿ ಒಂದು ತಾಣಕ್ಕೆ ಸೀಮಿತ, ನಿಜ. ಆದರೆ ಆರಂಭದಲ್ಲಿ ಆ ತಾಣಕ್ಕೆ ಸಿಗುತ್ತಿದ್ದುದು ಬೆರಳಚ್ಚು ಯಂತ್ರವೊಂದೇ ಅಲ್ಲ. ಪ್ರಶ್ನೆಯೇ ‘ಯಾವುದೇ ಸಾಧನ’ ಎಂದಿತ್ತು: ರೂಟರು, ಸಿಸಿ ಕ್ಯಾಮೆರಾ, ಪಕ್ಕದ ಮೇಜಿನ ಕಂಪ್ಯೂಟರು, ಎಲ್ಲ. ಬೆರಳಚ್ಚಿನ ಪುಟಕ್ಕೆ ಬೇಕಾದದ್ದು ಈ ಯಂತ್ರದೊಳಗಿನ ಇಪ್ಪತ್ತೊಂದು ಪೋರ್ಟ್‌ಗಳು ಮಾತ್ರ. ಅಷ್ಟನ್ನೇ ಕೇಳಿ ಅಷ್ಟನ್ನೇ ಕೊಡುವ ಚೌಕ 142ನೇ ಆವೃತ್ತಿಯಲ್ಲಿ ಇರಲಿಲ್ಲ.